ಗೋದಿ ಕಾಕಾರ ನಿಕ್ಕಲ್

ಕಳೆದ ವಾರ ಮೊಮ್ಮಗಳ ಕಿವಿ ಬಾತುಕೊಂಡಿತು. ಜಮಖಂಡಿಯ ಪೇಟೆಯಲ್ಲಿ ಆಸೆಪಟ್ಟು ಕೊಂಡ ಬೆಳ್ಳನೆಯ ಜುಮಕಿ. ಬೆಳ್ಳಿಯಲ್ಲ, ಬೆಳ್ಳಿಯ ವೇಷ ಅಷ್ಟೇ. ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ಎರಡು ದಿನ ಕುಣಿದಾಡಿದಳು, ಆಮೇಲೆ ಕಿವಿ ಹಿಡಿದುಕೊಂಡು ಅಳುತ್ತ ಕೂತಳು. ಡಾಕ್ಟರು ಕಿವಿ ನೋಡಿದರು, ಜುಮಕಿಯನ್ನು ತಿರುಗಿಸಿ ನೋಡಿದರು. "ಅಜ್ಜೀ, ಇದರಾಗ ನಿಕ್ಕಲ್ ಐತ್ರಿ. ಕೆಲವ್ರ ಮೈಗೆ ಅದು ಹೊಂದೂದಿಲ್ಲ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಮೊಮ್ಮಗಳು ಸಿಟ್ಟಾದಳು; ಡಾಕ್ಟರು ನನ್ನ ನಾಡಿಯನ್ನೂ ಒಂದು ಸಲ ಹಿಡಿದು ನೋಡಿದರು. ಪಾಪ, ಅವರಿಗೇನು ಗೊತ್ತು? ಆ ಮಾತನ್ನು ನಾನು ಅವರ ಅಪ್ಪ ಹುಟ್ಟುವ ಮೊದಲೇ ಕೇಳಿದ್ದೆ, ನಮ್ಮ ಹಿತ್ತಲಿನ ಗೋಡೆಯ ಆಚೆಯಿಂದ...

ನಾನು ಅನಗವಾಡಿಯಲ್ಲಿ ಹುಟ್ಟಿ ರಬಕವಿಯ ಬಣ್ಣಗಾರರ ಮನೆಗೆ ಸೊಸೆಯಾಗಿ ಬಂದವಳು. ಸಂಸ್ಥಾನಗಳ ಕಾಲ ಅದು. ರಬಕವಿ ಒಬ್ಬ ರಾಜರದು, ಕೂಗಿದರೆ ಕೇಳುವಷ್ಟು ಹತ್ತಿರದ ಬನಹಟ್ಟಿ ಇನ್ನೊಬ್ಬ ರಾಜರದು, ಮುಧೋಳಕ್ಕೆ ಹೋದರೆ ಮತ್ತೊಬ್ಬರದು. ರಾಜರು ಎಷ್ಟೇ ಇರಲಿ, ಎಲ್ಲ ಕಡೆಯೂ ಕೇಳುತ್ತಿದ್ದ ಸದ್ದು ಮಗ್ಗದ್ದೇ. ನೇಕಾರರು ತಂದು ಹಾಕಿದ ನೂಲಿನ ಲಡಿಗಳಿಗೆ ಬಣ್ಣ ಕೊಡುವುದು ನಮ್ಮ ಮನೆಯ ಕೆಲಸ. ಅಂಗಳದ ತುಂಬ ಕಲ್ಲಿನ ಬಾನಿಗಳು, ಹಗ್ಗದ ತುಂಬ ಒದ್ದೆ ನೂಲು. ಗೋಡೆಯ ಈಚೆ ನಾವು, ಆಚೆ ಗೋದಿ ಕಾಕಾ.

ಗೋದಿ ಎಂದರೆ ಚಪಾತಿಯ ಗೋದಿಯಲ್ಲ. ಮುಂಬೈಯಲ್ಲಿ ಹಡಗು ಬಂದು ನಿಲ್ಲುವ ಧಕ್ಕೆಗೆ ಅಲ್ಲಿಯವರು ಗೋದಿ ಎನ್ನುತ್ತಾರೆ. ಕಾಕಾ ಮೀಸೆ ಮೂಡುವ ಮೊದಲು ಮಗ್ಗಕ್ಕೆ ಬೆನ್ನು ತಿರುಗಿಸಿ ಅಲ್ಲಿಗೆ ಓಡಿಹೋದವರು. ಮೂಟೆ ಹೊತ್ತು, ಪೆಟ್ಟಿಗೆ ಹೊತ್ತು, ಕಡೆಗೆ ಹಮಾಲರ ಒಂದು ಟೋಳಿಯ ಮುಖಂಡ, ಅಂದರೆ ಮುಕಾದಮರಾಗಿ, ಸೊಂಟ ಕೈಕೊಟ್ಟ ಮೇಲೆ ಊರಿಗೆ ಮರಳಿದ್ದರು. ಹೆಂಡತಿ ಮುಂಬೈಯಲ್ಲೇ ತೀರಿಹೋಗಿದ್ದರು. ಜೊತೆಗೆ ಬಂದದ್ದು ಒಬ್ಬಳು ಮಗಳು, ಒಂದು ಮೂಟೆ ಎಳೆಯುವ ಕೊಕ್ಕೆ, ಮತ್ತು ಮುಂಬೈ ಬಂದರಿನ ಅಷ್ಟೂ ಕಾಯಿದೆ.

ಆ ಕಾಯಿದೆಗಳನ್ನು ಅವರು ಮನೆಯಲ್ಲೇ ಜಾರಿ ಮಾಡಿದ್ದರು. ಜೋಳದ ಚೀಲ, ಉಪ್ಪಿನಕಾಯಿಯ ಭರಣಿ, ಹಾಸಿಗೆಯ ಸುರುಳಿ, ಎಲ್ಲಕ್ಕೂ ಸುಣ್ಣದಕಡ್ಡಿಯಿಂದ ಒಂದು ತ್ರಿಕೋನ, ಅದರೊಳಗೆ ಒಂದು ಚುಕ್ಕೆ. ಅದು ಅವರ ಗುರುತು. ಗುರುತಿಲ್ಲದ ಸಾಮಾನು ಹೊಸಿಲು ದಾಟುವಂತಿರಲಿಲ್ಲ. ಭಾರ ಎತ್ತುವಾಗ "ಹಬೇಸ್" ಎನ್ನಬೇಕು, ಇಳಿಸುವಾಗ "ಆರಿಯಾ" ಎನ್ನಬೇಕು. ಅದು ಬಂದರಿನ ಖಲಾಸಿಗಳ ಭಾಷೆಯಂತೆ. ಕಾಕಾರ ಮಗಳು ಬಾವಿಯಿಂದ ಕೊಡ ಎಳೆಯುವಾಗ ಕಾಕಾ ಕಟ್ಟೆಯ ಮೇಲೆ ನಿಂತು ಕೈ ಮೇಲೆತ್ತಿ "ಹಬೇಸ್... ಹಬೇಸ್" ಎಂದು ಕೂಗುವರು. ಕೊಡ ಮೇಲೆ ಬಂದ ಮೇಲೆ ಅಂಗೈ ಕೆಳಗೆ ಮಾಡಿ "ಆರಿಯಾ". ನೀರನ್ನು ತಾವೇ ಹೊರುವ ಕೆಲಸಕ್ಕೆ ಮಾತ್ರ ಅವರು ಇಳಿಯುತ್ತಿರಲಿಲ್ಲ, ಮುಕಾದಮರಲ್ಲವೇ! ನಾನು ಹೊಸದಾಗಿ ಬಂದಾಗ ಇದನ್ನು ಕೇಳಿ ಆ ಮನೆಯಲ್ಲಿ ದಿನಾ ಯಾರನ್ನೋ ಹೆಸರು ಹಿಡಿದು ಕರೆಯುತ್ತಾರೆ, ಅವರು ಬರುವುದೇ ಇಲ್ಲ ಎಂದುಕೊಂಡಿದ್ದೆ.

ಸಂಜೆ ಕಟ್ಟೆಗೆ ಕೂತರೆಂದರೆ ಮಾತು ನಿಕ್ಕಲ್‌ಗೆ ಬಂದು ಮುಟ್ಟಲೇಬೇಕು. ಹತ್ತಿ, ಸಕ್ಕರೆ, ಖರ್ಜೂರ ಹೊತ್ತವರು ಎಲ್ಲೆಡೆ ಸಿಗುತ್ತಾರೆ, ನಿಕ್ಕಲ್ ಇಳಿಸಿದವರು ಸಿಗುವುದಿಲ್ಲ ಎಂಬುದು ಅವರ ಹೆಮ್ಮೆ. ವಿಲಾಯತಿಯಿಂದ ಬರುವ ಲೋಹ. ನೋಡಲು ಸಣ್ಣ ಪೆಟ್ಟಿಗೆ, ಎತ್ತಲು ಹೋದರೆ ನೆಲ ಬಿಡುವುದಿಲ್ಲ. ಹೊಸ ಹಮಾಲ ಒಂದೇ ಕೈಯಲ್ಲಿ ಎಳೆದು ಸೊಂಟ ಹಿಡಿದುಕೊಂಡು ಕೂಡುವನು. ಪೆಟ್ಟಿಗೆಯ ಕೆಳಗೆ ಹಲಗೆ ಹಾಕದೆ ಇಳಿಸಿದರೆ ತಳ ಒಡೆಯುತ್ತದೆ. ಅದರ ಜೊತೆ ನಿಕ್ಕಲ್ ಉಪ್ಪು ಪೀಪಾಯಿಯಲ್ಲಿ ಬರುತ್ತದೆ, ಅದಕ್ಕೆ ಕೊಕ್ಕೆ ಹಚ್ಚಬಾರದು, ಮಳೆ ಹನಿ ಬೀಳಬಾರದು, ಬರಿಗೈಯಲ್ಲಿ ಮುಟ್ಟಬಾರದು. "ನೀರ ಹತ್ತಿದ ಮಾಲು ಅಂದ್ರ ಸತ್ತ ಮಾಲು. ಬರೇ ಕೈಲೆ ಮುಟ್ಟಿದಿರೋ, ತುರಿಕಿ. ಕೆಲವ್ರ ಮೈಗೆ ನಿಕ್ಕಲ್ ಹೊಂದೂದಿಲ್ಲ" ಎಂದು ಅವರು ಹೇಳಿದಾಗ ನಾವು ಹೆಂಗಸರು ಹೂಂಗುಟ್ಟುತ್ತ ಕಾಳು ಆರಿಸುತ್ತಿದ್ದೆವು. ಆ ನಿಕ್ಕಲ್‌ನಿಂದ ಕಡೆಗೆ ಏನು ಮಾಡುತ್ತಾರೆ ಎಂದು ಒಮ್ಮೆ ನಮ್ಮ ಅತ್ತೆ ಕೇಳಿದರು. ಕಾಕಾ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, "ಅದು ಗೋದಿ ಗೇಟಿನ ಹೊರಗಿನ ಮಾತಕ್ಕಾ" ಎಂದರು.

ಮಗಳ ಮದುವೆಯೇ ಅವರಿಗೆ ದೊಡ್ಡ ಚಿಂತೆಯಾಗಿತ್ತು. ಹುಡುಗಿ ಚೆಲುವೆ, ಕೆಲಸದಲ್ಲಿ ಚುರುಕು, ಮಾತಿನಲ್ಲಿ ನನಗಿಂತ ಒಂದು ಕೈ ಮೇಲು. ಬಂದ ಸಂಬಂಧಗಳನ್ನೆಲ್ಲ ಕಾಕಾರ ಕಾಯಿದೆ ಓಡಿಸುತ್ತಿತ್ತು. ತೇರದಾಳದಿಂದ ಬಂದ ಒಬ್ಬ ಹಿರಿಯರು ಮಾತಾಡುತ್ತ ಉಳ್ಳಾಗಡ್ಡಿಯ ಗೊಂಚಲು ತೂಗುಹಾಕಿದ್ದ ಕಡೆ ನಿಂತರು. ತೂಗುವ ಭಾರದ ಕೆಳಗೆ ಮನುಷ್ಯ ನಿಲ್ಲಬಾರದು ಎಂದು ಕಾಕಾ ಅವರ ರಟ್ಟೆ ಹಿಡಿದು ಎಳೆದ ರಭಸಕ್ಕೆ ಅವರ ಪಟಕ ಬಚ್ಚಲ ಗುಂಡಿಗೆ ಬಿತ್ತು, ಸಂಬಂಧವೂ ಅದರ ಹಿಂದೆಯೇ ಬಿತ್ತು. ಇನ್ನೊಂದು ಕಡೆಯವರು ಮಾತು ಮುಗಿಸಿ ಹೊರಟು ನಿಂತಾಗ ಅವರ ಗಂಟಿನ ಮೇಲೆ ಸುಣ್ಣದ ತ್ರಿಕೋನ ಕಂಡಿತು. ಅಪ್ಪನ ಕೈ ಅಭ್ಯಾಸ ಅದು ಎಂದು ಹುಡುಗಿ ಹೇಳಿದರೂ, ಮಾಟ ಮಾಡಿದ್ದಾರೆ ಎಂದು ಅವರು ಚಕ್ಕಡಿ ಏರಿದವರು ತಿರುಗಿ ನೋಡಲಿಲ್ಲ. ಆಕೆ ಆ ದಿನ ಗೋಡೆಯ ಹತ್ತಿರ ಬಂದು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು, ನನಗೆ ಬಹಳ ಕೆಡುಕೆನಿಸಿತು.

ಆಗ ಬಂದದ್ದು ಮುಧೋಳದ ಸಂಬಂಧ. ಅವರೂ ನೇಕಾರರೇ, ಆದರೆ ಮಗ್ಗ ಬಿಟ್ಟು ಬ್ಯಾಂಡ್ ಕಂಪನಿ ಕಟ್ಟಿದವರು. ಹುಡುಗ ಕಾರ್ನೆಟ್ ಎಂಬ ಹಿತ್ತಾಳೆಯ ತುತ್ತೂರಿ ಊದುತ್ತಿದ್ದ. ಬನಹಟ್ಟಿಯ ಒಂದು ಮದುವೆಯ ಮೆರವಣಿಗೆಯಲ್ಲಿ ಆತ ಊದಿದ್ದನ್ನು ನಾನೂ ಆಕೆಯೂ ಮಾಳಿಗೆಯ ಮೇಲಿಂದ ನೋಡಿದ್ದೆವು. ಆಮೇಲೆ ಎಷ್ಟೋ ದಿನ ಆಕೆ ನಮ್ಮ ಅಂಗಳಕ್ಕೆ ಬಂದು ಲಡಿ ಹಿಂಡುವಾಗ ಅದೇ ಧಾಟಿ ಗುನುಗುತ್ತಿದ್ದಳು. ಹುಡುಗನ ಅಪ್ಪ ಬಂದು, ಹುಡುಗಿಯನ್ನು ಒಪ್ಪಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಒಂದೇ ಮಾತು ಹೇಳಿದರು. ಬೇರೆ ಊರಿನ ಬ್ಯಾಂಡಿನವರ ವಾದ್ಯಗಳೆಲ್ಲ ಈಗ ಬೆಳ್ಳಗೆ ಮಿಂಚುತ್ತಿವೆ, ನಮ್ಮ ಹಿತ್ತಾಳೆ ಹಳದಿಯನ್ನು ಯಾರೂ ಕರೆಯುವುದಿಲ್ಲ. "ನೀವು ನಿಕ್ಕಲ್ ಗೋದ್ಯಾಗ ಇದ್ದವರಂತ ಕೇಳೇನ್ರಿ. ನಮ್ಮ ವಾಜಂತ್ರಿಗೆ ಬಿಳೇ ನಿಕ್ಕಲ್ ಹಾಕಿಸಿಕೊಡ್ರಿ. ಬ್ಯಾರೆ ಏನೂ ಬ್ಯಾಡ. ಅದಾಗಲಿಲ್ಲಂದ್ರ ಮದವಿ ಅಕ್ಕಿಕಾಳೂ ಬ್ಯಾಡ."

ಕಾಕಾ ಎದೆ ಉಬ್ಬಿಸಿ ಒಪ್ಪಿದರು. ಬೀಗರು ಹೋದ ಮೇಲೆ, "ಅಲ್ಲಕ್ಕಾ, ನಿಕ್ಕಲ್ ಹಾಕೂದಂದ್ರ ಹೆಂಗ?" ಎಂದು ನಮ್ಮ ಅತ್ತೆಯನ್ನು ಕೇಳಿದರು. ಅತ್ತೆಗೆ ಗೊತ್ತಿರಲು ಹೇಗೆ ಸಾಧ್ಯ? ಕಡೆಗೆ ಮಿರಜದಲ್ಲಿ ಆ ಕೆಲಸ ಮಾಡುವ ಒಬ್ಬ ಮಿಸ್ತ್ರಿ ಸಿಕ್ಕ. ಮಾಲು ತರಿಸಿಕೊಟ್ಟರೆ ತನ್ನ ಯಂತ್ರ ಹೊತ್ತು ರಬಕವಿಗೇ ಬರುತ್ತೇನೆ ಎಂದ. ಒಂದು ಪೆಟ್ಟಿಗೆ ನಿಕ್ಕಲ್ ಫಳಿ, ಅಂದರೆ ಹಲಗೆಯಂಥ ತುಂಡು, ಒಂದು ಪೀಪಾಯಿ ನಿಕ್ಕಲ್ ಉಪ್ಪು ಬೇಕು. ಇನ್ನೊಬ್ಬರಾಗಿದ್ದರೆ ಒಂದು ಕಾರ್ಡು ಬರೆದು ತರಿಸುತ್ತಿದ್ದರು. ಕಾಕಾ ಕೊಕ್ಕೆ ಹೆಗಲಿಗೆ ಹಾಕಿಕೊಂಡು ಮುಂಬೈಗೇ ಹೊರಟರು. ಹಡಗಿನಿಂದ ಮಾಲು ಇಳಿಯುವುದನ್ನು ಕಣ್ಣಾರೆ ನೋಡಿ, ಹಳೆಯ ಟೋಳಿಯವರಿಂದಲೇ ಹೊರಿಸಿ, ಎರಡಕ್ಕೂ ತಮ್ಮ ತ್ರಿಕೋನ ಬರೆದು ರೈಲಿಗೆ ಹಾಕಿಸಿದರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಮ್ಮೂರಿನ ಮಾಲೆಲ್ಲ ಕುಡಚಿ ಸ್ಟೇಶನ್ನಿನಲ್ಲಿ ಇಳಿದು ನೆಲದ ದಾರಿಯಲ್ಲಿ ಚಕ್ಕಡಿಯ ಮೇಲೆ ಬರುತ್ತಿತ್ತು. ಹೊಳೆ ದಾಟುವ ತಂಟೆಯಿಲ್ಲ. ಅದೇ ಕಾಕಾರಿಗೆ ಸರಿಬರಲಿಲ್ಲ. ಹಡಗಿನಲ್ಲಿ ಬಂದ ಮಾಲು ಊರು ಸೇರುವಾಗಲೂ ನೀರಿನ ಮೇಲೆಯೇ ಬರಬೇಕು, ತಾವು ದಂಡೆಯಲ್ಲಿ ನಿಂತು ಇಳಿಸಿಕೊಳ್ಳಬೇಕು, ಊರು ನೋಡಬೇಕು. ಇಷ್ಟು ವರ್ಷ ಅವರು ಹೇಳಿದ್ದನ್ನು ಯಾರೂ ಕಣ್ಣಿಂದ ಕಂಡಿರಲಿಲ್ಲವಲ್ಲ. ಅದಕ್ಕಾಗಿ ಹೊಳೆಯ ಆಚೆಯ ಸ್ಟೇಶನ್ನಿನಲ್ಲಿ ಮಾಲು ಇಳಿಸಿ, ಆ ಕಡೆಯ ದಂಡೆಗೆ ತಂದು, ಹರಿಗೋಲಿನಲ್ಲಿ ಕೃಷ್ಣೆ ದಾಟಿಸುವ ಏರ್ಪಾಡು ಮಾಡಿದರು.

ದೀಪಾವಳಿ ಮುಗಿದಿತ್ತು, ಹೊಳೆಯಲ್ಲಿ ಇನ್ನೂ ನೀರಿತ್ತು. ನಾನೂ ಅತ್ತೆಯೂ ಎಂದಿನಂತೆ ನೂಲು ತೊಳೆಯಲು ದಂಡೆಗೆ ಹೋಗಿದ್ದೆವು. ನಮ್ಮ ಚಕ್ಕಡಿಯೂ ಅಲ್ಲೇ ನಿಂತಿತ್ತು. ಕಾಕಾ ಕೆಂಪು ಪಟಕ ಸುತ್ತಿಕೊಂಡು ಒಂದು ಬಂಡೆಯ ಮೇಲೆ ನಿಂತಿದ್ದರು. ಮೊದಲ ಹರಿಗೋಲಿನಲ್ಲಿ ಪೀಪಾಯಿ ಬಂತು. ಹರಿಗೋಲು ಗುಂಡಗಿನದು, ಸುತ್ತುತ್ತಲೇ ಬರಬೇಕು. ಕಾಕಾ ಮಾತ್ರ ಹಡಗಿನ ಹಾಗೆ ಮೂತಿ ಮುಂದೆ ಮಾಡಿ ತಾ ಎಂದು ಕೂಗುತ್ತಿದ್ದರು. ಅಂಬಿಗ ಮುದುಕ, "ಇದಕ್ಕ ಮೂತಿ ಎಲ್ಲೈತಿ ಅಂತ ಹೇಳ್ರಿ, ಮುಂದ ಮಾಡತೇನಿ" ಎಂದ. ಆ ತಕರಾರಿನಲ್ಲಿ ಹುಟ್ಟಿನ ನೀರು ಪೀಪಾಯಿಯ ಮೇಲೆಲ್ಲ ಚಿಮ್ಮಿತು. ಸುಣ್ಣದ ತ್ರಿಕೋನ, ಚುಕ್ಕೆಯ ಸಮೇತ, ಕೃಷ್ಣೆಯ ಪಾಲಾಯಿತು. ಅದನ್ನು ಯಾರೂ ಗಮನಿಸಲಿಲ್ಲ.

ಅಷ್ಟರಲ್ಲಿ ಎರಡನೆಯ ಹರಿಗೋಲು ಬರುತ್ತಿತ್ತು, ಅದರಲ್ಲಿ ನಿಕ್ಕಲ್ ಪೆಟ್ಟಿಗೆ. ಪೀಪಾಯಿಯನ್ನು ಯಾರದೋ ಕೈಯಲ್ಲಿ ದಂಡೆಗೆ ಉರುಳಿಸಿ, ಕಾಕಾ ಹಿಂತಿರುಗಿಯೂ ನೋಡದೆ "ಮನಿಗೆ ಒಯ್ರಿ" ಎಂದು ಕೈ ಬೀಸಿದರು. ಯಾರ ಮನೆಗೆ ಎಂದು ಹೇಳಲಿಲ್ಲ. ನಮ್ಮೂರಿನಲ್ಲಿ ಮುಂಬೈ ಪೀಪಾಯಿ ಎಂದರೆ ಬಣ್ಣ. ಬಣ್ಣವೆಂದರೆ ಬಣ್ಣಗಾರರ ಮನೆ. ಕಾಕಾ ತಮ್ಮ ಮಾಲಿನ ಜೊತೆ ನಮ್ಮ ಬಣ್ಣವನ್ನೂ ತಂದಿದ್ದಾರೆ ಎಂದುಕೊಂಡೆವು, ಅದನ್ನು ಕೇಳಬೇಕಾದ ಮಾತೇ ಅಲ್ಲ. ನಮ್ಮ ಚಕ್ಕಡಿಯವನು ಪೀಪಾಯಿ ಹೇರಿಕೊಂಡ, ಅತ್ತೆ ತೊಳೆದ ನೂಲು ಹೇರಿದರು, ನಾನು ಹತ್ತಿ ಕೂತೆ, ಮನೆಗೆ ಬಂದೆವು. ಹಸಿರು ಬಣ್ಣದ ಪೀಪಾಯಿಗಾಗಿ ನಾವು ದಸರೆಯಿಂದಲೂ ದಾರಿ ಕಾಯುತ್ತಿದ್ದೆವು. ಹಸಿರು ಸೀರೆಯ ನೂಲು ಮೂಲೆಯಲ್ಲಿ ರಾಶಿ ಬಿದ್ದಿತ್ತು, ಅದರಲ್ಲಿ ಕಾಕಾರ ಮಗಳ ಮದುವೆ ಸೀರೆಯ ನೂಲೂ ಇತ್ತು.

ಅತ್ತೆ ಮುಚ್ಚಳ ತೆಗೆಸಿದರು. ಒಳಗೆ ಹಸಿರು ಹರಳು, ಎಳೆ ಹುಣಸೆ ಚಿಗುರಿನ ಹಾಗೆ. "ಬಂತ ನೋಡ ನಮ್ಮ ಹಸರು. ಈ ಸಲ ಹರಳ ಹರಳ ಕಳಿಸ್ಯಾನ, ಛಲೋ ಮಾಲು" ಎಂದು ಖುಷಿಯಿಂದ ಒಂದು ಬೊಗಸೆ ಬಾನಿಗೆ ಹಾಕಿ, ನೂಲು ಅದ್ದಿದರು. ನೂಲು ಹಸಿರಾಗಲಿಲ್ಲ, ಹಸಿರು ಕನಸು ಕಂಡ ಹಾಗಾಯಿತು. ಇನ್ನೆರಡು ಬೊಗಸೆ ಹಾಕಿದರು. ನಾನು ಮೊಣಕೈವರೆಗೆ ಕೈ ಇಳಿಸಿ ಲಡಿ ತಿರುವಿದೆ. ಅತ್ತೆಗೆ ಹಟ ಬಂತು. ಸೋಲುವ ಹೆಂಗಸಲ್ಲ ಆಕೆ. ಬೊಗಸೆ ಬಿಟ್ಟು ಬುಟ್ಟಿ ಹಿಡಿದರು, ಕಡೆಗೆ ಪೀಪಾಯಿಯನ್ನೇ ಬೋರಲು ಹಾಕಿಸಿದರು. ನೂಲನ್ನು ಎತ್ತಿ ತಿಳಿನೀರಿನಲ್ಲಿ ಅಲುಬಿದರೆ ಇದ್ದ ಹಸಿರೂ ಹೋಯಿತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಬಣ್ಣ ಕಳಿಸಿದ ಮುಂಬೈ ವ್ಯಾಪಾರಿಯ ವಂಶವನ್ನು ಮೇಲಿನಿಂದ ಕೆಳಗಿನವರೆಗೆ ನೆನೆದರು. ಅಷ್ಟರಲ್ಲಿ ನನ್ನ ಬೆರಳ ಸಂದಿಗಳು ಉರಿಯತೊಡಗಿದವು. ತುರಿಸಿಕೊಂಡೆ. ನೋಡಿದರೆ ಅತ್ತೆಯೂ ಬೈಯುತ್ತ ಬೈಯುತ್ತ ತುರಿಸಿಕೊಳ್ಳುತ್ತಿದ್ದರು.

ಇತ್ತ ದಂಡೆಯಲ್ಲಿ ಕಾಕಾರ ಪೆಟ್ಟಿಗೆ ಹೊಳೆಗೆ ಬಿದ್ದಿತ್ತು. ಇವರು "ಆರಿಯಾ" ಎಂದಿದ್ದಾರೆ, ಅಂಬಿಗನ ಮಗ ಅದೇನೋ ಶಿವನಾಮವೆಂದು ಕೈ ಮುಗಿಯಲು ಪೆಟ್ಟಿಗೆ ಬಿಟ್ಟಿದ್ದಾನೆ. ಮೊಣಕಾಲುದ್ದ ನೀರೇ, ಆದರೆ ಆ ಪೆಟ್ಟಿಗೆ ಕೆಸರಿನಲ್ಲಿ ಕೂತರೆ ಏಳುವ ಜಾತಿಯದಲ್ಲ. ಹಗ್ಗ ಕಟ್ಟಿ, ಎತ್ತು ಹೂಡಿ, ಊರಿನ ಅರ್ಧ ಗಂಡಸರು ಸೇರಿ "ಹಬೇಸ್, ಹಬೇಸ್" ಎಂದು ಎಳೆದರಂತೆ. ಆ ಹೊತ್ತು ಕಾಕಾರ ಮುಖ ನೋಡಬೇಕಿತ್ತು ಎಂದು ನಮ್ಮ ಮನೆಯವರು ಆಮೇಲೆ ಹೇಳುತ್ತಿದ್ದರು. ಊರೆಲ್ಲ ತಮ್ಮ ಭಾಷೆಯಲ್ಲಿ ಕೂಗುವುದನ್ನು ಕೇಳಿ ಆ ಮನುಷ್ಯ ಕೆಸರಿನಲ್ಲಿ ನಿಂತೇ ಹಿಗ್ಗಿದ್ದರಂತೆ.

ಸಂಜೆ ಪೆಟ್ಟಿಗೆಯನ್ನು ಮನೆಗೆ ಮುಟ್ಟಿಸಿ, ಪೀಪಾಯಿ ಎಲ್ಲಿ ಎಂದು ಹುಡುಕುತ್ತ ನಮ್ಮ ಅಂಗಳಕ್ಕೆ ಬಂದರು. ಖಾಲಿ ಪೀಪಾಯಿ ನೋಡಿದರು. ಬಾನಿ ನೋಡಿದರು. ನಮ್ಮ ಕೈಗಳನ್ನೂ ನೋಡಿದರು.

"ಅಕ್ಕಾ, ಇದು ನನ್ನ ಉಪ್ಪು."

"ಉಪ್ಪಾ? ನಾ ಬಣ್ಣ ಅಂದ್ಕೊಂಡ್ನೋ ತಮ್ಮಾ. ಗುರುತು ಇರಲಿಲ್ಲಲ್ಲೋ ಅದರ ಮ್ಯಾಲ."

ಕಾಕಾ ಹೊಸಿಲ ಮೇಲೆ ಕೂತುಬಿಟ್ಟರು. ನೀರು ಹತ್ತಿದ ಮಾಲು ಸತ್ತ ಮಾಲು. ಇನ್ನೊಂದು ಪೀಪಾಯಿ ವಿಲಾಯತಿಯಿಂದ ಹಡಗೇರಿ ಬರುವಷ್ಟರಲ್ಲಿ ಮಾಘ ಕಳೆದು, ಮದುವೆಯ ಕಾಲ ಕಳೆದು, ಮುಧೋಳದವರು ಬೇರೆ ಹುಡುಗಿಯನ್ನು ನೋಡಿ ಆಗಿರುತ್ತದೆ. ಮಗಳು ಗೋಡೆಯ ಆಚೆ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಅಪ್ಪನನ್ನು ಬೈಯುತ್ತಾಳೆ ಎಂದುಕೊಂಡೆ. ಆಕೆ ಬಂದು ಅವರ ಪಕ್ಕ ಕೂತು, ಅವರ ಪಟಕಕ್ಕೆ ಹತ್ತಿದ್ದ ಕೆಸರನ್ನು ಉಗುರಿನಿಂದ ಕೆರೆದು ತೆಗೆಯತೊಡಗಿದಳು. ನನ್ನ ಕೈ ಉರಿಯುವುದೂ ಆ ಗಳಿಗೆ ಮರೆತುಹೋಗಿತ್ತು.

ಮರುದಿನ ಮಿರಜದ ಮಿಸ್ತ್ರಿ ಬಂದ. ಬಂದವನಿಗೆ ಯಾರೂ ವಿಷಯ ಹೇಳುವ ಧೈರ್ಯ ಮಾಡಲಿಲ್ಲ. ಸೋಮಾರಿ ಮನುಷ್ಯ, ಚಹಾ ಕುಡಿದು, ಎಲೆ ಹಾಕಿಕೊಂಡು, ಅಂಗಳದಲ್ಲಿ ಕಾಲು ನೀಡಿ ಕೂತ. ಕಡೆಗೆ ಬಾನಿಯ ಕಡೆ ಕಣ್ಣು ಹೋಯಿತು. ಎದ್ದು ಹೋಗಿ ಬಗ್ಗಿ ನೋಡಿದ.

"ಉಪ್ಪು ಯಾರ ಕರಗಿಸಿದ್ರಿ?"

ಅತ್ತೆ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ನಾನಪ್ಪಾ" ಎಂದರು.

"ಛಲೋ ಆತು ಬಿಡ್ರಿ. ನಾನೂ ನೀರಾಗ ಕರಗಸಾಂವನ ಇದ್ದೆ. ಅರ್ಧಾ ಕೆಲಸ ಉಳೀತು" ಎಂದು ಮತ್ತೆ ಬಂದು ಕಾಲು ನೀಡಿದ.

ನಿಕ್ಕಲ್ ಹಾಕುವುದು ಎಂದರೆ ಅದೇ. ಉಪ್ಪನ್ನು ನೀರಿನಲ್ಲಿ ಕರಗಿಸಿ, ಅದರಲ್ಲಿ ನಿಕ್ಕಲ್ ಫಳಿಯನ್ನೂ ಹಿತ್ತಾಳೆಯ ವಾದ್ಯವನ್ನೂ ಇಳಿಬಿಟ್ಟು ಯಂತ್ರದ ಕರೆಂಟು ಹಾಯಿಸಿದರೆ ಹಿತ್ತಾಳೆಯ ಮೇಲೆ ಬಿಳುಪು ಕೂಡುತ್ತದೆ. ಜನ್ಮವೆಲ್ಲ ನಿಕ್ಕಲ್ ಹೊತ್ತ ನಮ್ಮ ಕಾಕಾರಿಗೆ ಆ ಉಪ್ಪು ಹುಟ್ಟಿದ್ದೇ ನೀರಿಗೆ ಬೀಳಲು ಎಂಬುದು ಗೊತ್ತಿರಲಿಲ್ಲ. ಅವರು ಮಿಸ್ತ್ರಿಯ ಮುಖವನ್ನೂ ಬಾನಿಯನ್ನೂ ಸರದಿಯಂತೆ ನೋಡಿ, "ಗೋದ್ಯಾಗ ಇದನ್ನ ನಮಗ ಯಾರೂ ಹೇಳಲಿಲ್ಲ ನೋಡ್ರಿ" ಎಂದರು. ಅವರಿಗೆ ಸಂತೋಷಕ್ಕಿಂತ ಬೇಸರವೇ ಹೆಚ್ಚಾದಂತಿತ್ತು. ಗೋಡೆಯ ಆಚೆಯಿಂದ ಮಗಳು ನಕ್ಕದ್ದು ಕೇಳಿದ ಮೇಲೆ ಅವರೂ ನಕ್ಕರು.

ಬಾನಿ ನಮ್ಮದು, ಆದ್ದರಿಂದ ಕೆಲಸವೂ ನಮ್ಮ ಅಂಗಳದಲ್ಲೇ ನಡೆಯಿತು. ಮಿಸ್ತ್ರಿ ನೀರನ್ನು ಬಟ್ಟೆಯಲ್ಲಿ ಸೋಸಿ ನಮ್ಮ ನೂಲಿನ ಎಳೆಗಳನ್ನೆಲ್ಲ ತೆಗೆದ. ಒಂದು ಹಳೆಯ ಮೋಟಾರಿನ ಡೈನಮೋಕ್ಕೆ ದೊಡ್ಡ ಗಾಲಿ ಕಟ್ಟಿದ್ದ. ಅದನ್ನು ಇಬ್ಬರು ಸರದಿಯಲ್ಲಿ ತಿರುಗಿಸಬೇಕು. ಮುಧೋಳದವರು ಮೊದಲೇ ಕಳಿಸಿದ್ದ ವಾದ್ಯಗಳನ್ನು ತಾಮ್ರದ ತಂತಿಯಲ್ಲಿ ಕಟ್ಟಿ ತೂಗುಬಿಟ್ಟ. ಕಾಕಾ "ಆರಿಯಾ" ಎನ್ನುವವರೆಗೆ ಯಾವುದನ್ನೂ ಇಳಿಸುವಂತಿರಲಿಲ್ಲ. ಒಂದೊಂದೇ ವಾದ್ಯ ಹಳದಿಯಾಗಿ ಒಳಗೆ ಹೋಗಿ ಬೆಳ್ಳಗಾಗಿ ಹೊರಗೆ ಬರುತ್ತಿದ್ದರೆ ಕೇರಿಯ ಜನ ಮಗ್ಗ ನಿಲ್ಲಿಸಿ ಬಂದು ನೋಡಿದರು.

ಅತ್ತೆಗೆ ಸುಮ್ಮನೆ ಕೂತು ಗೊತ್ತಿರಲಿಲ್ಲ. ತನ್ನ ಬಾನಿಯ ಮುಂದೆ ಪರಊರಿನವನು ಕಾಲು ನೀಡಿ ಕೂಡುವುದು, ತಾನು ನೋಡುತ್ತ ನಿಲ್ಲುವುದು ಎಂದರೇನು? ಮಿಸ್ತ್ರಿ ಊಟಕ್ಕೆ ಎದ್ದಾಗ ಕಾರ್ನೆಟ್ ಬಾನಿಯಲ್ಲಿತ್ತು. ಅದು ತಂತಿಯಲ್ಲಿ ಓರೆಯಾಗಿ ತೂಗುತ್ತಿದೆ, ಬಣ್ಣ ಒಂದೇ ಕಡೆ ಹತ್ತುತ್ತದೆ ಎಂದು ಆಕೆಗೆ ಅನಿಸಿತು. ಲಡಿ ಕಟ್ಟುವ ಹಾಗೆ ಒಂದು ಎಳೆ ಹುರಿಯನ್ನು ಅದರ ಕೊರಳಿಗೆ ಬಿಗಿಯಾಗಿ ಸುತ್ತಿ, ನೆಟ್ಟಗೆ ಮಾಡಿ, ಕೋಲಿಗೆ ಕಟ್ಟಿದರು. ಆಮೇಲೆ ಅದನ್ನು ಮರೆತರು. ಸಂಜೆ ಮಿಸ್ತ್ರಿ ಕಾರ್ನೆಟ್ ಎತ್ತಿ ಹುರಿ ಬಿಚ್ಚಿದ. ಮೈಯೆಲ್ಲ ಬೆಳ್ಳಗೆ, ಕೊರಳಲ್ಲಿ ಮಾತ್ರ ಹುರಿ ಸುತ್ತಿದ ಕಡೆ ಒಂದು ಹಳದಿ ಉಂಗುರ, ನೂಲಿನ ತಿರುಪು ಸಹಿತ. ಹೊತ್ತು ತೀರಿತ್ತು, ಮಿಸ್ತ್ರಿಯ ಸಹನೆಯೂ ತೀರಿತ್ತು. ಇನ್ನೊಮ್ಮೆ ಹಾಕುವುದಿಲ್ಲ ಎಂದು ಗಾಡಿ ಹತ್ತಿದ.

ಬೀಗರು ನೋಡಲು ಬಂದ ದಿನ ನಾವು ಹೆಂಗಸರು ಬಾಗಿಲ ಸಂದಿಯಲ್ಲಿ ನಿಂತಿದ್ದೆವು. ಕಾಕಾರ ಮಗಳು ನನ್ನ ಕೈ ಹಿಚುಕಿ ಹಿಡಿದಿದ್ದಳು, ಆ ತುರಿಕೆಯ ಕೈಯನ್ನೇ. ವಾದ್ಯಗಳನ್ನು ಜಮಖಾನೆಯ ಮೇಲೆ ಸಾಲಾಗಿ ಇಟ್ಟಿದ್ದರು. ಬೀಗರು ಒಂದೊಂದನ್ನೂ ಎತ್ತಿ, ಅದರಲ್ಲಿ ತಮ್ಮ ಮೀಸೆ ನೋಡಿಕೊಂಡು, ತಲೆದೂಗಿ ಕೆಳಗಿಟ್ಟರು. ಕಡೆಗೆ ಕಾರ್ನೆಟ್ ಎತ್ತಿದರು. ಕೊರಳ ಹತ್ತಿರ ಬೆರಳು ನಿಂತಿತು.

"ಇದೇನ್ರಿ ಇದು?"

ಅತ್ತೆ ಒಳಗೇ ಸೆರಗನ್ನು ಮುಖಕ್ಕೆ ಎಳೆದುಕೊಂಡರು. ಕಾಕಾ ಕೆಮ್ಮಿ, ಪಟಕ ಸರಿಮಾಡಿಕೊಂಡು, ಒಂದು ಹೆಜ್ಜೆ ಮುಂದೆ ಬಂದರು.

"ಗುರುತು ರೀ ಅದು. ಗುರುತಿಲ್ಲದ ಮಾಲು ಗೋದ್ಯಾಗ ಯಾವ ಹಡಗೂ ಏರೂದಿಲ್ಲ. ಸುಣ್ಣದ್ದು ಬರದ್ರ ಅಳಿಸಿ ಹೋಗತೈತಿ. ಅದಕ್ಕ ಹಿತ್ತಾಳಿಲೇ ಉಳಿಸೇವಿ."

ಬೀಗರು ಕಾರ್ನೆಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಬಹಳ ಹೊತ್ತು ತಿರುಗಿಸಿದರು. ಆಮೇಲೆ ಉಳಿದ ವಾದ್ಯಗಳ ಸಾಲನ್ನು ನೋಡಿ, "ಹಂಗಾರ ಉಳಿದವಕ್ಕ ಯಾಕ ಹಾಕಿಲ್ರಿ ಗುರುತು?" ಎಂದು ಮುಖ ಗಂಟಿಕ್ಕಿದರು.

"ಎಲ್ಲಾದಕ್ಕ ಹಾಕೂದಿಲ್ರಿ. ನನ್ನ ಅಳಿಯಾ ಊದೂದಕ್ಕ ಅಷ್ಟ."

ಹುಡುಗ ಅಪ್ಪನ ಹಿಂದೆ ತಲೆ ಬಗ್ಗಿಸಿ ನಿಂತಿದ್ದ. ಮುಂದೆ ಬಂದು ಕಾರ್ನೆಟ್ಟನ್ನು ಅಪ್ಪನ ಕೈಯಿಂದ ತೆಗೆದುಕೊಂಡ. ಊದಲಿಲ್ಲ, ಉಂಗುರದ ಮೇಲೆ ಹೆಬ್ಬೆರಳಿಟ್ಟು ಸುಮ್ಮನೆ ಹಿಡಿದುಕೊಂಡ. ಬೀಗರು ಎಲೆ ಅಡಿಕೆಯ ತಟ್ಟೆಗೆ ಕೈ ಹಾಕಿದರು. ನನ್ನ ಕೈ ಹಿಡಿದಿದ್ದವಳು ಕೈ ಬಿಟ್ಟು ಅತ್ತೆಯ ಕೊರಳಿಗೆ ಬಿದ್ದಳು.

ಮದುವೆ ಮಾಘದಲ್ಲಿ ಆಯಿತು. ಮದುಮಗ ಹೊಸ ಬಿಳುಪಿನ ಖುಷಿಯಲ್ಲಿ ಹಿಂದಿನ ದಿನವೆಲ್ಲ ಊದಿದ್ದ, ಬೆಳಿಗ್ಗೆ ನೋಡಿದರೆ ತುಟಿ ಬಾತು ಬಾಳೆಕಾಯಿಯಾಗಿತ್ತು. ಒಡಪಿನಲ್ಲಿ ಹೆಂಡತಿಯ ಹೆಸರು ಹೇಳು ಎಂದು ನಾವು ಬಾಗಿಲಿಗೆ ಅಡ್ಡ ನಿಂತರೆ ಆತನ ಬಾಯಿಂದ ಗಾಳಿ ಬಿಟ್ಟು ಬೇರೇನೂ ಬರಲಿಲ್ಲ. ಇತ್ತ ಮದುಮಗಳಿಗೆ ನಮ್ಮ ಅತ್ತೆ ಎಷ್ಟು ತೊಳೆದು ಮತ್ತೆ ಬಣ್ಣ ಕೊಟ್ಟರೂ ಆ ಹಸಿರು ಸೀರೆ ಮೊಣಕೈಯಲ್ಲಿ ಕಡಿಯುತ್ತಿತ್ತು. ಮಂಟಪದಲ್ಲಿ ಒಬ್ಬರು ತುಟಿ ಒರೆಸಿಕೊಂಡು, ಒಬ್ಬರು ಮೊಣಕೈ ತುರಿಸಿಕೊಂಡು ಕೂತಿದ್ದರು. ಕಾಕಾ ಬೀಗರ ಕಿವಿಯಲ್ಲಿ, "ಇಬ್ಬರಿಗೂ ನಿಕ್ಕಲ್ ಹೊಂದೂದಿಲ್ಲ. ಜೋಡಿ ಹೊಂದತೈತಿ ಬಿಡ್ರಿ" ಎಂದದ್ದು ನಮ್ಮ ಮೂಲೆಯವರೆಗೂ ಕೇಳಿಸಿತು.

ಹೊಂದಿತು. ಬಹಳ ಚೆನ್ನಾಗಿಯೇ ಹೊಂದಿತು. ಮಗಳು ಮುಧೋಳಕ್ಕೆ ಹೋದ ಮೇಲೆ ಕಾಕಾರ ಮನೆಯಲ್ಲಿ "ಹಬೇಸ್" ಕಡಿಮೆಯಾಯಿತು, ಎತ್ತುವವರೇ ಇರಲಿಲ್ಲ. ನನಗೆ ಆ ತುರಿಕೆ ಅಷ್ಟಕ್ಕೇ ಬಿಡಲಿಲ್ಲ. ನಿಕ್ಕಲ್ ಆಣೆಯ ಬಿಲ್ಲೆಗಳನ್ನು ಮುಷ್ಟಿಯಲ್ಲಿ ಹಿಡಿದು ಸಂತೆಗೆ ಹೋಗಿ ಬಂದರೆ ಸಾಕು, ರಾತ್ರಿಗೆ ಬೆರಳ ಸಂದಿ ಕೆಂಪಾಗುತ್ತಿತ್ತು. ಮರುದಿನ ಗೋಡೆಯ ಮೇಲಿಂದ ಕೈ ಚಾಚಿ ತೋರಿಸುತ್ತಿದ್ದೆ. ಕಾಕಾ ಕನ್ನಡಕ ಏರಿಸಿ, ಬೆರಳು ಬಿಡಿಸಿ ನೋಡಿ, "ಹೌದ ಯವ್ವಾ, ಅಸಲ ಗೋದಿ ನಿಕ್ಕಲ್" ಎಂದು ಗುರುತು ಹಿಡಿದವರ ಹಾಗೆ ಹೇಳಿ, ಒಂದು ಚಿಪ್ಪು ಕೊಬ್ಬರಿ ಎಣ್ಣೆ ಕೊಡುತ್ತಿದ್ದರು. ತವರಿನಿಂದ ದೂರ ಬಂದ ಹುಡುಗಿಗೆ ಅದು ಎಷ್ಟು ದೊಡ್ಡದು ಎಂದು ಈಗ ಹೇಗೆ ಹೇಳಲಿ... ತುರಿಕೆ ಇಲ್ಲದ ದಿನವೂ ಕೆಲವು ಸಲ ಕೈ ಚಾಚಿದ್ದುಂಟು.

ಸಂಸ್ಥಾನಗಳು ಹೋದ ವರ್ಷವೇ ಕಾಕಾ ಹೋದರು. ಮುಧೋಳದಿಂದ ಬ್ಯಾಂಡ್ ಬಂತು, ಮಣ್ಣಿಗೆ ಬ್ಯಾಂಡ್ ತರಿಸಿದವರು ನಮ್ಮ ಕೇರಿಯಲ್ಲಿ ಅವರೊಬ್ಬರೇ. ನಾನು ಬಾಗಿಲಲ್ಲಿ ನಿಂತು ಅಳಿಯನ ಕಾರ್ನೆಟ್ ನೋಡಿದೆ. ಅಷ್ಟು ವರ್ಷದ ಕೈಯಲ್ಲಿ ನಿಕ್ಕಲ್ ಸವೆದು ಹಿತ್ತಾಳೆ ಎಲ್ಲ ಕಡೆಯೂ ಹೊರಬಂದಿತ್ತು. ಮೈಯೆಲ್ಲ ಹಳದಿಯಾದ ಮೇಲೆ ಹಳದಿ ಉಂಗುರ ಎಲ್ಲಿ ಕಾಣಬೇಕು? ಎಷ್ಟು ಹುಡುಕಿದರೂ ಕಾಣಲಿಲ್ಲ. ಮಣ್ಣಿಗೆ ಹೋಗಿ ಬಂದ ನಮ್ಮ ಮನೆಯವರು ಸ್ನಾನವೂ ಮಾಡದೆ ಕಟ್ಟೆಯ ಮೇಲೆ ಕೂತುಬಿಟ್ಟರು. ಕುಣಿಯೊಳಗೆ ಇಳಿಸುವಾಗ ಯಾರಿಗೂ ಏನೂ ತೋಚಲಿಲ್ಲವಂತೆ, ಹಗ್ಗ ಒಂದು ಕಡೆ ಜಗ್ಗಿತಂತೆ. ಆಗ ಅಳಿಯ ಕಾರ್ನೆಟ್ ಬದಿಗಿಟ್ಟು, ಅಂಗೈ ಕೆಳಗೆ ಮಾಡಿ, ಮೆಲ್ಲಗೆ "ಆರಿಯಾ... ಆರಿಯಾ" ಎಂದನಂತೆ. ನೆರೆದವರೆಲ್ಲ ಆ ದನಿಗೆ ಸರಿಯಾಗಿ ಇಳಿಸಿದರಂತೆ. ಇಷ್ಟು ಹೇಳಿ ನಮ್ಮ ಮನೆಯವರು ಮುಖ ತಿರುಗಿಸಿಕೊಂಡರು.

ಡಾಕ್ಟರ ಮನೆಯಿಂದ ಬಂದ ರಾತ್ರಿ ಮೊಮ್ಮಗಳ ಜುಮಕಿಗಳು ನನ್ನ ಹತ್ತಿರವೇ ಉಳಿದವು. ಎಸೆದುಬಿಡು ಅಜ್ಜೀ ಎಂದಳು. ನಾನು ಅವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗಿದೆ. ಇಷ್ಟು ವಯಸ್ಸಾಗಿದೆ, ಈ ಚರ್ಮಕ್ಕೆ ಇನ್ನೇನು ತಿಳಿಯುತ್ತದೆ ಎಂದುಕೊಂಡಿದ್ದೆ. ಬೆಳಿಗ್ಗೆ ಏಳುವಾಗ ಬೆರಳ ಸಂದಿಯಲ್ಲಿ ಅದೇ ಹಳೆಯ ಉರಿ, ಅದೇ ಕೆಂಪು. ಅಸಲಿ ಗೋದಿ ನಿಕ್ಕಲ್. ನಗು ಬಂತು. ನಗುತ್ತಲೇ ಹಿತ್ತಲಿಗೆ ಹೋಗಿ, ಅದೇ ಗೋಡೆಯ ಮೇಲಿಂದ ಕೈ ಚಾಚಿದೆ.

ಸ್ವಲ್ಪ ಹೊತ್ತು ಹಾಗೆಯೇ ಚಾಚಿಕೊಂಡು ನಿಂತಿದ್ದೆ.